ಹನ್ನೆರಡನೆಯ ಗಂಟು

ನಾನು ಒಂದು ಸೋರೆಬುರುಡೆ. ತೆಗ್ಗಿನಹಾಳದ ಫಕೀರವ್ವನ ದನದ ಕೊಟ್ಟಿಗೆಯ ಮೇಲೆ ಹಬ್ಬಿದ ಬಳ್ಳಿಯಲ್ಲಿ ಹುಟ್ಟಿದೆ. ನನ್ನ ಒಡಹುಟ್ಟಿದವರೆಲ್ಲ ಎಳೆಯರಾಗಿರುವಾಗಲೇ ಪಲ್ಯವಾಗಿ ಹೋದರು. ನನ್ನ ನಡು ಸಣ್ಣಗಿತ್ತು, ಕೆಳಗಿನ ಹೊಟ್ಟೆ ಸಣ್ಣ ಕೊಡದಷ್ಟಿತ್ತು. ಹಗ್ಗ ಕಟ್ಟಿದರೆ ಜಾರದ ನಡು ಅದು. "ಇದು ಈಜಿಗೆ ಇರಲಿ" ಎಂದು ಫಕೀರವ್ವ ನನ್ನನ್ನು ಬಳ್ಳಿಯಲ್ಲೇ ಬಿಟ್ಟಳು. ಹೆಂಚು ತಾಗಿ ಗಾಯವಾಗಬಾರದೆಂದು ಹುಲ್ಲಿನ ಸಿಂಬೆ ಮಾಡಿ ನನ್ನ ಕೆಳಗೆ ಇಟ್ಟಳು. ಒಂದು ಕಾಯಿಗೆ ಸಿಂಬೆ ಇಡುವವರು ಎಷ್ಟು ಮಂದಿ ಇದ್ದಾರು? ಆಗ ನನಗೆ ಅದರ ಬೆಲೆ ತಿಳಿಯಲಿಲ್ಲ.

ಬಳ್ಳಿ ಒಣಗಿತು, ನಾನೂ ಒಣಗಿದೆ. ಒಂದು ಚಳಿಗಾಲವಿಡೀ ಒಲೆಯ ಮೇಲೆ ಹೊಗೆಯಲ್ಲಿ ತೂಗಾಡಿದೆ. ತೊಗಟೆ ಕಟ್ಟಿಗೆಯಷ್ಟು ಗಟ್ಟಿಯಾಯಿತು, ಒಳಗೆ ಬೀಜಗಳು ಗಲಗಲ ಎನ್ನತೊಡಗಿದವು. ಒಳಗೆ ಟೊಳ್ಳಾದ್ದರಿಂದ ನನಗೆ ಸಣ್ಣ ಸದ್ದೂ ದೊಡ್ಡದಾಗಿ ಕೇಳುತ್ತದೆ. ಮನುಷ್ಯರ ಎದೆಬಡಿತವಂತೂ ಬಾಗಿಲು ಬಡಿದ ಹಾಗೆ ಕೇಳುತ್ತದೆ.

ಫಕೀರವ್ವನ ಗಂಡ ಹೊಳೆಯಲ್ಲಿ ಹರಗೋಲು ನಡೆಸುತ್ತಿದ್ದ. ಊರ ಹುಡುಗರಿಗೆ ಈಜು ಕಲಿಸುವ ಕೆಲಸ ಮಾತ್ರ ಅವಳದು. ಕಲಿಯುವವನ ಬೆನ್ನಿಗೆ ನನ್ನನ್ನು ಬಿಗಿದು ಕಟ್ಟಿ ಗೌಡರ ಹೊಲದ ಮೆಟ್ಟಿಲುಬಾವಿಗೆ ಇಳಿಸುವಳು. ಕೈಕಾಲು ಹದಕ್ಕೆ ಬಂದ ದಿನ ಅವನು ನನ್ನನ್ನು ಮೆಟ್ಟಿಲ ಮೇಲೆ ಬಿಟ್ಟು ಬಾವಿಯನ್ನು ಒಬ್ಬನೇ ಅಡ್ಡ ದಾಟಬೇಕು. ದಾಟಿದರೆ ನನ್ನ ಕೊರಳಲ್ಲಿರುವ ಪುಂಡಿನಾರಿನ ದಾರಕ್ಕೆ ಒಂದು ಗಂಟು. ಆ ಗಂಟನ್ನು ತನಗೆ ತಾನೇ ಹಾಕಿಕೊಳ್ಳುವಂತಿಲ್ಲ. ಮುಂಚೆ ಕಲಿತವರು ಯಾರಾದರೂ ಹಾಕಬೇಕು. ಇದು ಅವಳು ಮಾಡಿಟ್ಟ ಪದ್ಧತಿ.

ಹೀಗೆ ಹನ್ನೊಂದು ಗಂಟು ಬಿದ್ದವು. ಹನ್ನೊಂದೂ ಹುಡುಗರವು. ನಾಲ್ಕನೆಯ ಗಂಟಿನವನು ನನಗೆ ಚೆನ್ನಾಗಿ ನೆನಪಿದ್ದಾನೆ. ಬಾವಿಯ ಒಡೆಯನ ಮಗ, ಹನ್ನೆರಡು ವರ್ಷದ ಶಾಂತಗೌಡ. ಮೂರು ವಾರ ಅವನು ನನ್ನನ್ನು ಎರಡೂ ಕೈಯಿಂದ ತಬ್ಬಿ ಹಿಡಿದು ಅತ್ತಿದ್ದುಂಟು. ಅವನು ಅಳತೊಡಗಿದಾಗಲೆಲ್ಲ ಫಕೀರವ್ವ ಉಳಿದ ಹುಡುಗರನ್ನು "ಹೋಗ್ರಿ, ಪೇರಲಕಾಯಿ ಹರಕೊಂಡು ಬರ್ರಿ" ಎಂದು ಗಿಡದ ಕಡೆಗೆ ಓಡಿಸುತ್ತಿದ್ದಳು. ಅವನ ಅಳು ಯಾರೂ ನೋಡಲಿಲ್ಲ. ಅವಳು ಯಾರಿಗೂ ಹೇಳಲೂ ಇಲ್ಲ.

ಆಮೇಲೆ ಪ್ಲಾಸ್ಟಿಕ್ ಕ್ಯಾನುಗಳು ಬಂದವು. ಹುಡುಗರು ಖಾಲಿ ಎಣ್ಣೆಕ್ಯಾನು ಕಟ್ಟಿಕೊಂಡು ತಾವೇ ಕಲಿಯತೊಡಗಿದರು. ಅಣೆಕಟ್ಟಿನ ಹಿನ್ನೀರು ಊರ ಅಂಚಿನವರೆಗೆ ಬಂತು. ಗೌಡರು ಬಾವಿಯ ಸುತ್ತ ತಂತಿಬೇಲಿ ಹಾಕಿಸಿ ಗೇಟು ಕೂರಿಸಿದರು. ನಾನು ಫಕೀರವ್ವನ ಪಡಸಾಲೆಯ ಗೂಟಕ್ಕೆ ಜೋತುಬಿದ್ದೆ. ಒಂದು ಮಳೆಗಾಲ ಇಲಿಯೊಂದು ಬೀಜದಾಸೆಗೆ ನನ್ನ ಭುಜದ ಹತ್ತಿರ ಕೊರೆದು, ಬೆರಳು ತೂರುವಷ್ಟು ತೂತು ಮಾಡಿತು. ನನ್ನ ಕೆಲಸ ಮುಗಿಯಿತು ಎಂದುಕೊಂಡೆ.

ಶಿವಲೀಲಾ ಬಂದದ್ದು ಆಗ.

ಶಿವಲೀಲಾ ಮೂರು ಊರಿಗೆ ಅಂಚೆ ಹಂಚುವವಳು. ಮೂವತ್ತಾರು ವರ್ಷ. ದಿನಾ ಹದಿನಾಲ್ಕು ಕಿಲೋಮೀಟರು ಸೈಕಲ್ ತುಳಿಯುತ್ತಾಳೆ. ಹಿಂದಿನ ಬೇಸಿಗೆಯಲ್ಲಿ ಹಿನ್ನೀರಿನ ದಂಡೆಯಲ್ಲಿ ಬಟ್ಟೆ ಒಗೆಯುತ್ತಿದ್ದ ಹುಡುಗಿಯೊಬ್ಬಳು ಜಾರಿ ಬಿದ್ದಿದ್ದಳು. ದಂಡೆಯ ಮೇಲೆ ಒಂಬತ್ತು ಹೆಂಗಸರಿದ್ದರು, ಒಬ್ಬರಿಗೂ ಈಜು ಬಾರದು. ದೂರದಲ್ಲಿ ಎಮ್ಮೆ ತೊಳೆಯುತ್ತಿದ್ದ ಗಂಡಸು ಓಡಿ ಬಂದದ್ದರಿಂದ ಹುಡುಗಿ ಉಳಿದಳು. ಆ ಒಂಬತ್ತು ಮಂದಿಯಲ್ಲಿ ಶಿವಲೀಲಾ ಒಬ್ಬಳು. ಬಿದ್ದ ಹುಡುಗಿ ಅವಳ ಮಗಳು ಚಂಪಾ.

ಅಂದಿನಿಂದ ಅವಳಿಗೆ ಒಂದೇ ಹಟ. ಊರ ಹುಡುಗಿಯರಿಗೆ ಈಜು ಕಲಿಸಬೇಕು. ಹಿನ್ನೀರಿನ ತಳ ನಂಬುವಂತಿಲ್ಲ, ಗೌಡರ ಬಾವಿ ಬೇಕು. ಕೇಳಲು ಹೋದಳು. ಶಾಂತಗೌಡ ಈಗ ದೊಡ್ಡ ಮನುಷ್ಯ. ಕೆಟ್ಟವನಲ್ಲ, ಅಂಜುವವನು.

"ಅಕ್ಕಾರ, ನನ್ನ ಬಾವ್ಯಾಗ ಯಾವುದರ ಹೆಣ್ಣುಹುಡುಗಿಗೆ ಹೆಚ್ಚುಕಮ್ಮಿ ಆದ್ರ ಅವರ ಮನಿಯವರಿಗೆ ನಾ ಹೆಂಗ ಮಾರಿ ತೋರಸ್ಲಿ? ಮೊದಲ ಕಲಸೋರಿಗೆ ಈಜು ಬರತೈತೇನು?"

ಶಿವಲೀಲಾ ಚೀಲದಿಂದ ಒಂದು ಕರಪತ್ರ ತೆಗೆದಳು. ಅವಳೇ ಹಂಚುತ್ತಿದ್ದದ್ದು. ತಾಲ್ಲೂಕಿನಲ್ಲಿ ಮೊದಲ ಸಲ ಮಹಿಳೆಯರ ಟ್ರಯಥ್ಲಾನ್. ಹಿನ್ನೀರಿನಲ್ಲಿ ಮುನ್ನೂರು ಮೀಟರು ಈಜು, ಆಮೇಲೆ ಹದಿನೈದು ಕಿಲೋಮೀಟರು ಸೈಕಲ್, ಆಮೇಲೆ ಮೂರು ಕಿಲೋಮೀಟರು ಓಟ. ಎರಡು ತಿಂಗಳು ಉಳಿದಿತ್ತು.

"ಸೈಕಲ್ ನನ್ನ ನೌಕರಿ. ಓಟ ನಾಯಿಗೋಳು ಕಲಿಸ್ಯಾವ. ಈಜು ಒಂದ ಬಾಕಿ. ಇದರಾಗ ಈಜಿ ತೋರಸ್ತೀನಿ, ಆಮ್ಯಾಲ ಬಾವಿ ಕೊಡ್ರಿ."

ಗೌಡ ಕರಪತ್ರ ಓದಿ ಮಡಿಚಿ ಕೊಟ್ಟ. "ಆತು. ಅಲ್ಲೀತನಕ ನೀವೊಬ್ಬರ ಕಲೀರಿ. ಫಕೀರವ್ವ ಆಯಿ ಕೂಡ ಇರಬೇಕು. ಆದ್ರ ಅವತ್ತು ನಿಮ್ಮನ್ನ ದ್ವಾಣ್ಯಾಗ ಎತ್ತಿ ಹಾಕ್ಕೊಂಡು ಬಂದ್ರೋ, ಮತ್ತ ನನ್ನ ಬಾವಿ ಸುದ್ದಿ ಎತ್ತಬಾರದು. ಗೇಟಿಗೆ ಕೀಲಿ ಹಾಕ್ತೀನಿ."

ಫಕೀರವ್ವ ನನ್ನನ್ನು ಗೂಟದಿಂದ ಇಳಿಸಿ ಧೂಳು ಒರೆಸಿದಳು. ಇಲಿ ಮಾಡಿದ ತೂತಿಗೆ ಜೇನುಮೇಣ ಕಾಸಿ ತುಂಬಿ, ಹೆಬ್ಬೆರಳಿಂದ ಒತ್ತಿ ಒತ್ತಿ ನುಣುಪು ಮಾಡಿದಳು. "ಹೆಣ್ಣಮಗಳ ಬೆನ್ನು ಇನ್ನೂ ನೋಡಿಲ್ಲ ಇದು" ಎಂದು ನಕ್ಕಳು.

ಬೆಳಗಿನ ಆರಕ್ಕೆ ಪಾಠ. ಒಂಬತ್ತಕ್ಕೆ ಅಂಚೆಚೀಲ ಬರುವುದರೊಳಗೆ ಅವಳು ಅಂಚೆಕಚೇರಿಯಲ್ಲಿರಬೇಕು. ನಾವು ಹೋಗುವ ಹೊತ್ತಿಗೆ ಪಂಪಿನ ಮೋಟಾರು ನಿಂತಿರುತ್ತಿತ್ತು, ಪಾಚಿಗಟ್ಟಿದ ಮೆಟ್ಟಿಲುಗಳನ್ನು ಯಾರೋ ಉಜ್ಜಿ ತೊಳೆದಿರುತ್ತಿದ್ದರು. ಗೌಡನನ್ನು ಕೇಳಿದರೆ "ನನಗೇನ ಗೊತ್ತು" ಎನ್ನುತ್ತಿದ್ದ. ಅವನ ಧೋತರದ ಅಂಚು ಮಾತ್ರ ಒದ್ದೆ ಇರುತ್ತಿತ್ತು.

ಮೊದಲ ದಿನ ಅವಳ ಬೆನ್ನಿಗಂಟಿ ನೀರಿಗಿಳಿದಾಗ ಅವಳ ಎದೆಬಡಿತ ಕೇಳಿ ನನ್ನೊಳಗಿನ ಬೀಜಗಳು ನಡುಗಿದವು. ಮೊಣಕಾಲಿನವರೆಗೆ ನೀರು, ಬಡಿತ ಜೋರು. ಸೊಂಟದವರೆಗೆ, ಇನ್ನೂ ಜೋರು. ಕುತ್ತಿಗೆಗೆ ಬಂದಾಗ ಬಡಿತವನ್ನು ಎಣಿಸಲೂ ಆಗುತ್ತಿರಲಿಲ್ಲ. ಚಂಪಾ ಬಿದ್ದ ದಿನ ದಂಡೆಯಲ್ಲಿ ನಿಂತು ಕೂಗಿದ್ದು ಅವಳಿಗೆ ಪ್ರತಿಸಲವೂ ನೆನಪಾಗುತ್ತಿತ್ತೋ ಏನೋ. ಆದರೂ ಅವಳು ಒಂದು ದಿನವೂ ತಪ್ಪಿಸಲಿಲ್ಲ. ಏಳು ವಾರದಲ್ಲಿ ಕೈಕಾಲು ಕೂಡಿಬಂದವು. ನಾನು ಬೆನ್ನ ಮೇಲಿದ್ದರೆ ಬಾವಿಯನ್ನು ಇಪ್ಪತ್ತು ಸಲ ಅಡ್ಡ ದಾಟುತ್ತಿದ್ದಳು. ಇಪ್ಪತ್ತು ಸಲವೆಂದರೆ ಮುನ್ನೂರು ಮೀಟರು.

ನನ್ನನ್ನು ಬಿಡುವ ಮಾತು ಮಾತ್ರ ಇಬ್ಬರೂ ಎತ್ತಲಿಲ್ಲ. ಕರಪತ್ರದ ಹಿಂದೆ ಹೀಗೆ ಬರೆದಿತ್ತು: 'ಪ್ರತಿ ಸ್ಪರ್ಧಿಯೂ ಕೇಸರಿ ಬಣ್ಣದ ತೇಲುಬುಡ್ಡೆಯೊಂದನ್ನು ಕಡ್ಡಾಯವಾಗಿ ಕಟ್ಟಿಕೊಂಡಿರಬೇಕು.' ಅದನ್ನು ಓದಿ ಶಿವಲೀಲಾ ಹಿಗ್ಗಿದ್ದಳು. ಫಕೀರವ್ವ, "ನೋಡು ಮತ್ತ, ಸರಕಾರದವರೂ ನಮ್ಮ ಪದ್ಧತೀನ ಹಿಡದಾರ" ಎಂದಿದ್ದಳು. ಕಟ್ಟಿಕೊಳ್ಳುವುದೆಂದರೆ ಬೆನ್ನಿಗೇ ಎಂದು ಇಬ್ಬರೂ ತಿಳಿದುಕೊಂಡಿದ್ದರು. ನಾನೂ ಹಾಗೆಯೇ ತಿಳಿದಿದ್ದೆ. ನಮಗೆ ಗೊತ್ತಿದ್ದದ್ದು ಅದೊಂದೇ ಬಗೆ.

ಪಂದ್ಯಕ್ಕೆ ಎಂಟು ದಿನ ಇರುವಾಗ ತಾಲ್ಲೂಕು ಮೈದಾನದಲ್ಲಿ ಸ್ಪರ್ಧಿಗಳ ಸಭೆ. ಶಿವಲೀಲಾ ನನ್ನನ್ನು ಸೈಕಲಿನ ಕ್ಯಾರಿಯರಿಗೆ ಕಟ್ಟಿಕೊಂಡು ಹೋದಳು. ಅಲ್ಲಿ ಎಲ್ಲರ ಹತ್ತಿರವೂ ಗಾಳಿ ತುಂಬುವ ಹೊಳೆಯುವ ಚೀಲಗಳು. ನನ್ನನ್ನು ನೋಡಿ ನಾಲ್ಕು ಹುಡುಗಿಯರು ಬಾಯಿ ಮುಚ್ಚಿಕೊಂಡು ನಕ್ಕರು. ಪಂದ್ಯ ನಡೆಸುವ ಕ್ರೀಡಾ ಇಲಾಖೆಯ ಸಬೀಹಾ ಮೇಡಂ ನಗಲಿಲ್ಲ. ನನ್ನನ್ನು ಬಕೆಟ್ಟಿನಲ್ಲಿ ಒತ್ತಿ ನೋಡಿದರು.

"ಛಲೋ ತೇಲತೈತಿ. ಬಣ್ಣ ಹಚ್ಚಕೊಂಡು ಬರ್ರಿ, ನಡೀತೈತಿ. ಒಂದು ಮಾರು ಹಗ್ಗ ಸೊಂಟಕ್ಕ ಕಟ್ಟಿ ಹಿಂದ ಬಿಡ್ರಿ."

"ಹಿಂದ ಅಂದ್ರ?" ಶಿವಲೀಲಾ ಕೇಳಿದಳು. "ಬೆನ್ನಿಗೆ ಅಲ್ಲೇನ್ರಿ?"

"ಇಲ್ಲಕ್ಕಾ. ಬೆನ್ನಿಗೆ ಕಟ್ಟಿದ್ರ ಪಂದ್ಯದಿಂದ ಹೊರಗ. ಇದು ನೀವು ದೂರದಿಂದ ಕಾಣಸಬೇಕು ಅಂತ. ದಣಿವಾದ್ರ ಹಿಡಕೊಂಡು ಒಂಚೂರು ನಿಲ್ಲಬಹುದು. ಆದ್ರ ಇದನ್ನ ಬಿಟ್ಟು ಬಂದ್ರೂ ಹೊರಗ."

ವಾಪಸು ಬರುವಾಗ ಅವಳು ಸೈಕಲ್ ತುಳಿಯಲಿಲ್ಲ. ತಳ್ಳಿಕೊಂಡು ನಡೆದಳು.

ಮರುದಿನ ಒಂದು ಮಾರು ಹಗ್ಗದ ತುದಿಯಲ್ಲಿ ನಾನು ತೇಲಿದೆ. ಮೊದಲ ಸಲ ಅವಳ ಅಂಗಾಲು ನೋಡಿದೆ. ಹಿಮ್ಮಡಿ ಒಡೆದಿತ್ತು. ಅವಳು ಎರಡು ಕೈ ಬೀಸಿ ಮುಳುಗಿದಳು, ಎದ್ದಳು, ಮತ್ತೆ ಮುಳುಗಿ ನೀರು ಕುಡಿದಳು. ನನ್ನಿಂದ ಏನು ಮಾಡಲು ಸಾಧ್ಯ? ನಾನು ಹಿಂದೆ ಸುಮ್ಮನೆ ತೇಲುತ್ತಿದ್ದೆ. ಆಗ ಎಪ್ಪತ್ತು ದಾಟಿದ ಫಕೀರವ್ವ ಸೀರೆಯ ಕಚ್ಚೆ ಬಿಗಿದು ತಾನೇ ನೀರಿಗಿಳಿದಳು. ಶಿವಲೀಲಾಳ ಹೊಟ್ಟೆಯ ಕೆಳಗೆ ಬರಿಯ ಅಂಗೈ ಹಿಡಿದಳು.

"ನಾ ಹಿಡದೀನಿ. ಕುತ್ತಿಗಿ ಸಡಲ ಬಿಡು. ಸಾಕಾತಂದ್ರ ಅಂಗಾತ ಹೊಳ್ಳು, ಮುಗಲು ನೋಡಕೋತ ಮಲಕೋ. ನೀರು ಹಾಸಗಿ ಇದ್ದಂಗ."

"ಆಯಿ, ಏಳು ದಿನದಾಗ ಆಗತೈತೇನು?"

"ನನಗೇನ ಗೊತ್ತವಾ. ಕಾಲು ಬಡಿ."

ಆರನೆಯ ದಿನ ಅವಳು ಅಂಗೈ ಇಲ್ಲದೆ ಒಮ್ಮೆ ದಾಟಿದಳು. ಏಳನೆಯ ದಿನ ಹನ್ನೊಂದು ಸಲ. ಇಪ್ಪತ್ತು ಆಗಲೇ ಇಲ್ಲ. ಹನ್ನೊಂದಕ್ಕೆ ಮೆಟ್ಟಿಲು ಹಿಡಿದು ಏದುಸಿರು ಬಿಡುತ್ತ, "ಅಲ್ಲಿ ಮೆಟ್ಟಲ ಇರೂದಿಲ್ಲ ಆಯಿ" ಎಂದಳು. ಫಕೀರವ್ವ ಅವಳ ತಲೆ ಒರೆಸಿದಳು.

ಪಂದ್ಯದ ಹಿಂದಿನ ದಿನ ಸಂಜೆ ಚಂಪಾ ಮತ್ತು ಅವಳ ಗೆಳತಿಯರು ನನಗೆ ಬಣ್ಣ ಹಚ್ಚಿದರು. ಎತ್ತಿನ ಕೊಂಬಿಗೆ ಹಚ್ಚಿ ಉಳಿದ ಕೇಸರಿ ಬಣ್ಣ. ಗಟ್ಟಿಯಾಗಿತ್ತೆಂದು ಸೀಮೆಎಣ್ಣೆ ಬೆರೆಸಿದರು. ನಾಲಿಗೆಯ ತುದಿ ಕಚ್ಚಿಕೊಂಡು, ಎಳ್ಳಷ್ಟೂ ಜಾಗ ಬಿಡದಂತೆ ಬಳಿದರು. ಮೇಣ ತುಂಬಿದ ಜಾಗಕ್ಕೆ ಬಣ್ಣ ಹಿಡಿಯಲಿಲ್ಲವೆಂದು ಚಂಪಾ ಅಲ್ಲಿ ಮೂರು ಸಲ ಹೆಚ್ಚು ಬಳಿದಳು. "ನಮ್ಮವ್ವ ದೂರದಿಂದ ಕಾಣಬೇಕಲ್ಲ" ಎಂದಳು.

ಸೀಮೆಎಣ್ಣೆ ಮೇಣವನ್ನು ಮೆತ್ತಗೆ ಮಾಡುವುದು ನನಗೆ ತಿಳಿಯುತ್ತಿತ್ತು. ಹೇಳಲು ನನಗೆ ಬಾಯಿಲ್ಲ. ಆ ಮಕ್ಕಳ ಮೇಲೆ ನನಗೆ ಆಗಲೂ ಸಿಟ್ಟಿರಲಿಲ್ಲ, ಈಗಲೂ ಇಲ್ಲ.

ಬೆಳಿಗ್ಗೆ ಶಿವಲೀಲಾಳ ಗಂಡ ಈರಪ್ಪ ಸೈಕಲಿನ ಚೈನಿಗೆ ಎಣ್ಣೆ ಬಿಟ್ಟು, ಚಕ್ರ ತಿರುಗಿಸಿ, ಮತ್ತೊಮ್ಮೆ ತಿರುಗಿಸಿ ನೋಡಿದ. ಅವಳು ಚಹಾ ಮುಟ್ಟಲಿಲ್ಲ. ಅವನು ಅರ್ಧ ಲೋಟ ತಾನು ಕುಡಿದು, ಉಳಿದರ್ಧ ಕೊಟ್ಟ. ಅಷ್ಟು ಕುಡಿದಳು.

ದಂಡೆಯಲ್ಲಿ ನಲವತ್ತೊಂದು ಹೆಂಗಸರು. ತೋಳಿನ ಮೇಲೆ ಅಂಕಿ ಬರೆದರು. ಶಿವಲೀಲಾಳದು ಮೂವತ್ತೇಳು. ನೀರಿನ ನಡುವೆ ದೊಡ್ಡ ಹಳದಿ ಬಲೂನು. ಅದನ್ನು ಸುತ್ತಿ ವಾಪಸು ಬರಬೇಕು, ಇಪ್ಪತ್ತೈದು ನಿಮಿಷದೊಳಗೆ. ಎರಡು ಹರಗೋಲು, ಒಂದು ಮೋಟಾರು ದೋಣಿ. "ಸಾಕಾದ್ರ ಕೈ ಎತ್ರಿ, ಎತ್ಕೋತಾರ" ಎಂದು ಸಬೀಹಾ ಮೇಡಂ ಕೂಗಿ ಹೇಳಿದರು. ಶಿವಲೀಲಾ ತನ್ನ ಎರಡೂ ಕೈ ನೋಡಿಕೊಂಡಳು. ದಂಡೆಯ ಮೇಲೆ ಕೊಡೆ ಹಿಡಿದು ಶಾಂತಗೌಡ ನಿಂತಿದ್ದ. ಅವನ ಪಕ್ಕದಲ್ಲಿ ಫಕೀರವ್ವ, ಚಂಪಾ, ಐದು ಹುಡುಗಿಯರು.

ಸೀಟಿ ಊದಿದರು. ನೀರೆಲ್ಲ ಕೈಕಾಲುಗಳಾಯಿತು. ಯಾರದೋ ಕಾಲು ನನಗೆ ಬಡಿಯಿತು. ಶಿವಲೀಲಾ ಅವಸರ ಮಾಡದೆ ಎಲ್ಲರಿಗೂ ದಾರಿ ಬಿಟ್ಟು ಹಿಂದಿನಿಂದ ಹೊರಟಳು. ನಾನು ಮನಸ್ಸಿನಲ್ಲೇ ದೂರವನ್ನು ಬಾವಿಯ ಅಳತೆಯಲ್ಲಿ ಎಣಿಸಿದೆ. ಮೂರು. ಐದು. ಎಂಟು. ಬಲೂನು ಸುತ್ತಿದಾಗ ಹನ್ನೊಂದಕ್ಕೆ ಹತ್ತಿರ. ಆ ಹೊತ್ತಿಗೆ ನನ್ನ ಭುಜದಲ್ಲಿ ಮೇಣ ಕಳಚಿ, ನೀರು ಸಣ್ಣಗೆ ಒಳಗೆ ಬರುತ್ತಿತ್ತು. ಬೀಜಗಳು ಗಲಗಲ ಎನ್ನುವುದನ್ನು ನಿಲ್ಲಿಸಿದ್ದವು. ನಾನು ಭಾರವಾಗುತ್ತಿದ್ದೆ. ಹಗ್ಗ ಬಿಗಿಯಾಗುತ್ತಿತ್ತು. ಅವಳನ್ನು ನಾನೇ ಹಿಂದಕ್ಕೆ ಎಳೆಯುತ್ತಿದ್ದೆ.

ಹದಿಮೂರರ ಹತ್ತಿರ ಅವಳಿಗೆ ಉಸಿರು ಸೋತಿತು. ಹೊರಳಿ ಹಗ್ಗ ಜಗ್ಗಿ ನನ್ನನ್ನು ಹಿಡಿದಳು. ಅವಳ ಭಾರ ಬಿದ್ದೊಡನೆ ನಾನು ಮುಳುಗಿದೆ. ಅವಳೂ ಮುಳುಗಿದಳು.

ನನ್ನ ಬಾಳಿನಲ್ಲಿ ಅಷ್ಟು ನಾಚಿಕೆ ಎಂದೂ ಆಗಿರಲಿಲ್ಲ.

ಅವಳು ಕೆಮ್ಮುತ್ತ ಮೇಲೆ ಬಂದಳು. ಹರಗೋಲಿನವನು ನೋಡಿದ. "ಅಕ್ಕಾರ! ಕೈ ಎತ್ರಿ! ಎತ್ಕೋತೀನಿ!" ಅವನ ಹುಟ್ಟು ಒಂದು ಮಾರಿನಷ್ಟೇ ದೂರದಲ್ಲಿತ್ತು. ಅವಳ ಬಲಗೈ ನೀರಿನಿಂದ ಅರ್ಧ ಮೇಲೆ ಬಂತು. ದಂಡೆಯಿಂದ ಚಂಪಾಳ ಕೂಗು ಕೇಳಿತು. ಮಾತು ತಿಳಿಯಲಿಲ್ಲ, ಅವ್ವಾ ಎಂಬುದಷ್ಟೇ ಕೇಳಿತು. ಆ ಕೈ ಅಲ್ಲೇ ನಿಂತು ಕೆಳಗಿಳಿಯಿತು. ನನ್ನ ಮೈಮೇಲೆ ತಡಕಾಡಿತು. ಭುಜದ ತೂತು ಸಿಕ್ಕಿತು.

"ಅಯ್ಯ, ತೂತಾಗೇದಲ್ಲ ನಿನಗ" ಎಂದಳು. ನನ್ನೊಡನೆ ಅವಳು ಆಡಿದ ಮೊದಲ ಮಾತು ಅದು.

ಹಗ್ಗ ಬಿಚ್ಚಿದರೆ ಅವಳು ಹಗುರ, ಆದರೆ ಪಂದ್ಯದಿಂದ ಹೊರಗೆ. ಎಳೆದರೆ ಮುಳುಗುತ್ತಾಳೆ. ಅವಳು ಅಂಗಾತ ಹೊರಳಿದಳು. ನನ್ನನ್ನು ಎಳೆದು ಎದೆಯ ಮೇಲಿಟ್ಟುಕೊಂಡು, ತೂತು ಮೇಲಕ್ಕೆ ಮಾಡಿ ಹೆಬ್ಬೆರಳು ಒತ್ತಿದಳು. ಫಕೀರವ್ವ ಮೇಣ ಒತ್ತಿದ್ದ ಜಾಗವೇ. ಕಾಲು ಬಡಿಯತೊಡಗಿದಳು. ನನಗೆ ಅವಳ ಎದೆಬಡಿತ ಮತ್ತೆ ಹತ್ತಿರದಿಂದ ಕೇಳಿತು. ಜೋರಾಗಿತ್ತು, ಆದರೆ ಎಣಿಸಬಹುದಾಗಿತ್ತು.

ಆಕಾಶ ನೋಡುತ್ತ ಹೋಗುವವಳಿಗೆ ದಿಕ್ಕು ಹೇಗೆ ತಿಳಿಯಬೇಕು? ಹರಗೋಲಿನವನು ಅಲೆ ತಾಗದಷ್ಟು ದೂರ ಸರಿದು, ಜೊತೆಗೇ ಬಂದ. "ಎಡಕ್ಕ, ಅಕ್ಕಾರ. ಇನ್ನೊಂಚೂರು ಎಡಕ್ಕ. ಹಾಂ, ಸೀದಾ" ಎನ್ನುತ್ತ ಬಂದ. ಅವಳ ಬೆನ್ನಿಗೆ ಕೆಸರು ತಾಗಿದಾಗ ಇಪ್ಪತ್ತಮೂರು ನಿಮಿಷವಾಗಿತ್ತು. ಹಿಂದೆ ಯಾರೂ ಇರಲಿಲ್ಲ. ಎಲ್ಲರಿಗಿಂತ ಕೊನೆ ಅವಳೇ.

ಸಬೀಹಾ ಮೇಡಂ ಅವಳ ಸೊಂಟದ ಹಗ್ಗ ಮುಟ್ಟಿ ನೋಡಿ, "ಐತಿ! ಹೋಗ್ರಿ, ಹೋಗ್ರಿ!" ಎಂದರು. ಶಿವಲೀಲಾ ಸೈಕಲಿನ ಹತ್ತಿರ ಓಡಿದಳು. ಹಗ್ಗ ಬಿಚ್ಚಿದಳು. ಅಷ್ಟು ಅವಸರದಲ್ಲಿ ಏನು ಮಾಡಿದಳು ಗೊತ್ತೆ? ಸೊಂಟಕ್ಕೆ ಬಿಗಿದಿದ್ದ ಒದ್ದೆ ಓಢಣಿ ಬಿಚ್ಚಿ, ಸುತ್ತಿ ಸಿಂಬೆ ಮಾಡಿ ನನ್ನನ್ನು ಅದರ ಮೇಲಿಟ್ಟಳು, ಉರುಳದ ಹಾಗೆ.

"ಅಕ್ಕಾ, ಟೈಮ್ ಹೊಂಟೈತಿ!" ಮೇಡಂ ಕಿರುಚಿದರು.

ಆಮೇಲಿನದು ನಾನು ನೋಡಿದ್ದಲ್ಲ. ಸಿಂಬೆಯ ಮೇಲೆ ಕೂತು ಕಾಲುಗಳನ್ನು ನೋಡುತ್ತ ಕಾದೆ. ಸೈಕಲಿನಲ್ಲಿ ಅವಳು ಹದಿನಾರು ಮಂದಿಯನ್ನು ಹಿಂದೆ ಹಾಕಿದಳಂತೆ. ಅದು ಅವಳ ಟಪಾಲಿನ ದಾರಿಯೇ. ಯಾವ ಗುಂಡಿ ಎಲ್ಲಿದೆ ಎಂದು ಅವಳಿಗೆ ಬಾಯಿಪಾಠ. ದಾರಿಯುದ್ದಕ್ಕೂ ಜನ ಬಾಗಿಲಿಗೆ ಬಂದು, "ಅಕ್ಕಾರ, ನಮ್ಮ ಪತ್ರ ಐತೇನ್ರಿ?" ಎಂದು ಕೂಗಿದರಂತೆ. ಓಟದಲ್ಲಿ ಹೊಟ್ಟೆ ಹಿಡಿದುಕೊಂಡು ಎರಡು ಕಡೆ ನಡೆದಳಂತೆ. ಮುಗಿಸಿದಾಗ ಇಪ್ಪತ್ತೆಂಟನೆಯವಳು. ಚಂಪಾ ಅವಳ ಸೊಂಟ ತಬ್ಬಿದಳು. ಶಿವಲೀಲಾ ನಿಂತಲ್ಲೇ ಕೂತು, "ಗೌಡ್ರು ಎಲ್ಲಿ?" ಎಂದು ಕೇಳಿದಳು.

ಗೌಡ ಕೊಡೆ ಮಡಿಚಿ ಬಂದ. "ದ್ವಾಣಿ ಹತ್ತಲಿಲ್ಲ, ಖರೆ. ಆದ್ರ ಆಯಿ, ಬುರುಡಿ ಎದಿ ಮ್ಯಾಲ ಇತ್ತಲ್ಲ? ಬುರುಡಿ ಬಿಟ್ಟು ದಾಟಬೇಕು ಅನ್ನೂದು ನಿನ್ನ ಪದ್ಧತಿ."

ಫಕೀರವ್ವ ನನ್ನನ್ನು ಎರಡೂ ಕೈಯಿಂದ ಎತ್ತಿ ಅವನ ಮುಂದೆ ತಂದು ಬೋರಲು ಹಿಡಿದಳು. ತೂತಿನಿಂದ ನೀರು ಬಿತ್ತು. ಬೀಳುತ್ತಲೇ ಇತ್ತು. ಅವನ ಚಪ್ಪಲಿ ತೊಯ್ದವು, ಧೋತರದ ಅಂಚು ತೊಯ್ದಿತು, ಆದರೂ ಮುಗಿಯಲಿಲ್ಲ.

"ಈಗ ಹೇಳು ಗೌಡಾ. ಬುರುಡಿ ಆಕಿನ್ನ ಹೊತ್ತೈತೋ, ಆಕಿ ಬುರುಡಿನ್ನ ಹೊತ್ತಾಳೋ?"

ಗೌಡ ಚಪ್ಪಲಿಯ ನೀರು ಕೊಡವಿದ.

"ನಾಕನೇ ಗಂಟಿನಾವ, ಬಾ ಮುಂದ. ಹಾಕು."

ಅವನು ನನ್ನ ಕೊರಳ ದಾರ ಹಿಡಿದ. ಹನ್ನೊಂದು ಗಂಟನ್ನೂ ಒಂದೊಂದಾಗಿ ಮುಟ್ಟಿ, ನಾಲ್ಕನೆಯದರ ಮೇಲೆ ಒಂದು ಗಳಿಗೆ ನಿಂತ. ಆಮೇಲೆ ಹನ್ನೆರಡನೆಯದನ್ನು ಬಿಗಿದ. ಹುಡುಗಿಯರು ಕೇಕೆ ಹಾಕಿದರು. ಆ ಗದ್ದಲದಲ್ಲಿ ಅವನು ಮೆಲ್ಲಗೆ, "ಆಯಿ, ಪೇರಲಕಾಯಿ ಸುದ್ದಿ ಯಾರಿಗೂ ಹೇಳಬ್ಯಾಡ" ಎಂದ.

"ಯಾವ ಪೇರಲಕಾಯಿ?" ಎಂದಳು ಫಕೀರವ್ವ.

ನಾನು ಇನ್ನು ಈಜಿಗೆ ಬಾರದಂತಾದೆ. ಒಳಗೆ ನೀರು ಕುಡಿದ ತೊಗಟೆ ಬಿಸಿಲಿಗೆ ಬಿರಿಯಿತು. ಕೊಟ್ಟಿಗೆಯ ಮೇಲೆ ಹೊಸ ಬಳ್ಳಿ ಹಬ್ಬಿತು, ಎರಡು ಹೊಸ ಬುರುಡೆ ಒಣಗಿದವು. ನನ್ನ ಕೊರಳ ದಾರ ಅವುಗಳಲ್ಲಿ ಒಂದಕ್ಕೆ ಹೋಯಿತು. ಹೋಗುವಾಗ ಸ್ವಲ್ಪ ಸಂಕಟವಾಯಿತು, ಸುಳ್ಳೇಕೆ ಹೇಳಲಿ. ಫಕೀರವ್ವ ನನ್ನ ಮೇಲ್ಭಾಗ ಕತ್ತರಿಸಿ ನನಗೊಂದು ಬಾಯಿ ಮಾಡಿ, ಬಾವಿಯ ಗೇಟಿನ ಪಕ್ಕದ ಬೇವಿನ ಗಿಡಕ್ಕೆ ನೇತುಹಾಕಿದಳು.

ಗೇಟಿಗೆ ಕೀಲಿ ಈಗಲೂ ಇದೆ. ಅದರ ಕೀಲಿಕೈ ಇರುವುದು ನನ್ನ ಹೊಟ್ಟೆಯಲ್ಲಿ. ಬೆಳಿಗ್ಗೆ ಶಿವಲೀಲಾ ಬಂದು ನನ್ನೊಳಗೆ ಕೈ ಹಾಕಿ ಅದನ್ನು ತೆಗೆಯುತ್ತಾಳೆ. ಹುಡುಗಿಯರು ಮೆಟ್ಟಿಲಿಳಿಯುತ್ತಾರೆ. ನೀರು ಬಡಿಯುವ ಸದ್ದು, ನಗು, ಕೆಮ್ಮು, ಒಮ್ಮೊಮ್ಮೆ ಒಂದು ಗಳಿಗೆಯ ಮೌನ. ಆ ಮೌನಕ್ಕೆ ನಾನು ಇವತ್ತಿಗೂ ಅಂಜುತ್ತೇನೆ. ಮರದಲ್ಲಿ ತೂಗುತ್ತ ಮುಂದಿನ ಸದ್ದಿಗೆ ಕಾಯುತ್ತೇನೆ.

ಫಕೀರವ್ವ ಈಗೊಂದು ಹೊಸ ಪದ್ಧತಿ ಮಾಡಿದ್ದಾಳೆ. ಇಳಿದವರಷ್ಟೂ ಮೇಲೆ ಬಂದರೋ ಇಲ್ಲವೋ ಎಂದು ತಲೆ ಎಣಿಸಿ, ಎಣಿಕೆ ಸರಿಹೋದ ಮೇಲೆಯೇ ಕೀಲಿಕೈಯನ್ನು ನನ್ನೊಳಗೆ ಹಾಕಬೇಕು. ಚಂಪಾ ಎಣಿಸುತ್ತಾಳೆ. ಒಮ್ಮೆ ಎಣಿಸಿ, ಮತ್ತೊಮ್ಮೆ ಎಣಿಸುತ್ತಾಳೆ. ಆಮೇಲೆ ನನ್ನ ಟೊಳ್ಳು ಹೊಟ್ಟೆಯಲ್ಲಿ ಟಣ್ ಎಂದು ಕೀಲಿಕೈ ಬೀಳುತ್ತದೆ. ಆ ಸದ್ದು ಕೇಳಿದ ಮೇಲೆ ನನಗೆ ನೆಮ್ಮದಿ.